ಕ್ಯಾನ್ಸರ್ ಪತ್ತೆಗೆ ನ್ಯಾನೊ ಕಣ ಆಧಾರಿತ ರಕ್ತಪರೀಕ್ಷೆ: ಸಾರ್ವಜನಿಕರ ಮಾಹಿತಿಗಾಗಿ

ಕಟಕೋಳ ಹಾಗೂ ಸುತ್ತಲಿನ ರಾಮದುರ್ಗ, ಸವದತ್ತಿ, ಬೈಲಹೊಂಗಲ ಮತ್ತು ಕಿತ್ತೂರು ತಾಲ್ಲೂಕುಗಳ ಸಾರ್ವಜನಿಕರು ಕ್ಯಾನ್ಸರ್ ತಪಾಸಣೆ ಹಾಗೂ ಚಿಕಿತ್ಸಾ ನೆರವನ್ನು ಕೋರುವ ಮುನ್ನ ಈ ಕೆಳಕಂಡ ವಿಷಯಗಳನ್ನು ಗಮನಿಸಲು ಕೋರಲಾಗಿದೆ.

1. ಪ್ರೋಟೀನ್ ಸೂಚಕ ಎಂದರೇನು?
ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿನ ನಿರ್ದಿಷ್ಟ ಪ್ರೋಟೀನುಗಳ ಪ್ರಮಾಣವು ಹೆಚ್ಚುತ್ತದೆ. ಪ್ರಾಸ್ಟೇಟ್ ಗ್ರಂಥಿಗೆ ಪಿ.ಎಸ್.ಎ., ಅಂಡಾಶಯಕ್ಕೆ ಸಿ.ಎ.-125 ಹಾಗೂ ಯಕೃತ್ತಿಗೆ ಎ.ಎಫ್.ಪಿ. ಇಂತಹ ಸೂಚಕಗಳಾಗಿವೆ.

2. ಪರೀಕ್ಷೆಯ ವಿಧಾನ
ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಈ ಅಳತೆಯ ಚಿನ್ನದ ಕಣಗಳು ದ್ರಾವಣದಲ್ಲಿ ಕೆಂಪಾಗಿ ಕಾಣುತ್ತವೆ. ಇವುಗಳಿಗೆ ಸೂಚಕ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಲೇಪಿಸಲಾಗುತ್ತದೆ. ಪಟ್ಟಿಯ ಮೇಲೆ ಮಾದರಿಯನ್ನು ಹಾಕಿದಾಗ ಪ್ರೋಟೀನು ಕಣಗಳಿಗೆ ಅಂಟಿ, ನಿಗದಿತ ಸ್ಥಳದಲ್ಲಿ ಕೆಂಪು ಗೆರೆ ಮೂಡುತ್ತದೆ. ಗರ್ಭಧಾರಣೆ ಪರೀಕ್ಷೆಯ ಪಟ್ಟಿಯೂ ಸಾಮಾನ್ಯವಾಗಿ ಇದೇ ತತ್ವದಿಂದ ಕೆಲಸ ಮಾಡುತ್ತದೆ. 2003ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಚಿನ್ನದ ನ್ಯಾನೊ ಕಣಗಳನ್ನು ಬಳಸಿ, ರೂಢಿಯ ಪರೀಕ್ಷೆಗೆ ಸಿಗದಷ್ಟು ಅಲ್ಪ ಪ್ರಮಾಣದ ಪಿ.ಎಸ್.ಎ.ಯನ್ನು ಗುರುತಿಸಿದರು.

3. ಪರೀಕ್ಷೆಯ ಮಿತಿಗಳು
ಸೂಚಕವು ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ವಯಸ್ಸಿನಿಂದ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಾಗ ಪಿ.ಎಸ್.ಎ. ಹಾಗೂ ಮುಟ್ಟಿನ ಸಮಯದಲ್ಲಿ ಸಿ.ಎ.-125 ಹೆಚ್ಚಬಹುದು. ಅಂತೆಯೇ ವರದಿಯು ಸಹಜವಾಗಿದ್ದರೂ ರೋಗವಿಲ್ಲವೆಂದು ಹೇಳಲಾಗದು. ಗಡ್ಡೆ, ಮಾಯದ ಹುಣ್ಣು ಅಥವಾ ಅಸಹಜ ರಕ್ತಸ್ರಾವ ಇರುವವರು ಇಂತಹ ವರದಿಯನ್ನು ನಂಬಿ ತಡಮಾಡಬಾರದು. ಬಹುತೇಕ ಗಡ್ಡೆಗಳಲ್ಲಿ ಬಯಾಪ್ಸಿಯಿಂದಲೇ ರೋಗವು ಖಚಿತವಾಗುತ್ತದೆ.

4. ಸರ್ಕಾರಿ ತಪಾಸಣೆ
30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಹಾಗೂ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ ನಡೆಸಲಾಗುತ್ತದೆ. ಇದು ಪ್ರತ್ಯಕ್ಷ ಪರೀಕ್ಷೆಯಾಗಿದ್ದು, ಸೂಚಕ ಪ್ರೋಟೀನಿನ ರಕ್ತಪರೀಕ್ಷೆ ಇದಕ್ಕೆ ಅಗತ್ಯವಿರುವುದಿಲ್ಲ. ತಂಬಾಕು, ಗುಟ್ಕಾ ಬಳಸುವವರು ತಪ್ಪದೇ ಬಾಯಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

5. ಚಿಕಿತ್ಸಾ ನೆರವು
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಫಲಾನುಭವಿಗಳು ಪಡಿತರ ಚೀಟಿ ಮತ್ತು ಆಧಾರ್ ಕಾರ್ಡಿನೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹಾಜರಾಗತಕ್ಕದ್ದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳಬಹುದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.