ಬೇಡದೆ ಬಂದ ಡಬ್ಬಿ



ಮನೆಗೆ ಬಂದದ್ದನ್ನು ಬಿಸಾಡಬಾರದು ಎಂಬುದು ನಮ್ಮ ಕಡೆಯ ಹಿರಿಯರು ಪಾಲಿಸಿಕೊಂಡು ಬಂದ ರೀತಿ. ಅದರಲ್ಲಿಯೂ ಹಾಲೆಂದರೆ ನೆಲಕ್ಕೆ ಚೆಲ್ಲಿದ್ದನ್ನು ತುಳಿಯಲು ಸಹ ಅಂಜುವ ಜನ ನಾವು. ಹೀಗಿರುವಾಗ, ಎದೆಹಾಲು ಸಾಕಷ್ಟಿರುವ ಬಾಣಂತಿಯ ಮನೆಗೆ ಪುಕ್ಕಟೆಯಾಗಿ ಹಾಲುಪುಡಿಯ ಡಬ್ಬಿಯೊಂದು ಬಂದು ಕುಳಿತರೆ ಅದನ್ನು ಏನು ಮಾಡಬೇಕು? ಮೇಲುನೋಟಕ್ಕೆ ಇದು ಅಡುಗೆಮನೆಯ ಸಣ್ಣ ಪ್ರಶ್ನೆ. ಅದು ಸಣ್ಣದಲ್ಲವೆಂಬುದನ್ನು ನಾನು ಕಲಿತದ್ದು ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ.

1984ರ ಮಾತು. ನನ್ನ ಚೊಚ್ಚಲ ಹೆರಿಗೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಆಯಿತು. ಬಾಣಂತನಕ್ಕೆ ತವರೂರಾದ ಮುರಗೋಡಕ್ಕೆ ಹೊರಟು ನಿಂತಾಗ ಅಲ್ಲಿಯವರು ನನ್ನ ಚೀಲದಲ್ಲಿ ಒಂದು ಡಬ್ಬಿ ಇಟ್ಟರು. ಮೇಲೆ ಗುಂಡುಗುಂಡಾದ, ನಗುವ ಕೂಸಿನ ಚಿತ್ರ. “ಇರಲಿ ಇಟ್ಟಕೊಳ್ರಿ, ಹಾಲು ಸಾಲದಿದ್ರ ಬೇಕಾಗ್ತದ” ಎಂದರು. ರೊಕ್ಕ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ತಾಯಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೇ ಮಾತು ಅಂದಳು: “ಹಾಲು ಸಾಲದಿದ್ರ ಅಂತ ಈಗ ಯಾಕ ಅಂದ್ರವಾ ಅವರು?”

ಈ ಪ್ರಶ್ನೆಯಲ್ಲಿ ಎಷ್ಟು ವಿವೇಕವಿತ್ತೆಂಬುದು ನನಗೆ ಅಂದು ಹೊಳೆಯಲಿಲ್ಲ. ಡಬ್ಬಿಯೊಳಗೆ ಪುಡಿಯಿತ್ತು, ನಿಜ. ಆದರೆ ಅದು ಮನೆಯೊಳಗೆ ಮೊದಲು ತಂದದ್ದು ಸಂಶಯವನ್ನು. ಮೂರನೆಯ ರಾತ್ರಿ ಕೂಸು ಬಿಟ್ಟೂಬಿಡದೆ ಅತ್ತಾಗ ನನ್ನ ಕಣ್ಣು ಹೋದದ್ದು ಮಾಡದಲ್ಲಿದ್ದ ಆ ಡಬ್ಬಿಯ ಕಡೆಗೇ. ತಾಯಿ ತಡೆದಳು. “ಕೂಸನ್ನ ಎದಿಗೆ ಹಚ್ಚಿಕೊಳ್ಳವಾ, ಕುಡದಷ್ಟು ಹಾಲು ಇಳೀತದ” ಎಂದಳು. ಅಳವಿಯ ಪಾಯಸ, ಅಂಟಿನ ಉಂಡೆ, ಸಬ್ಬಸಗಿ ಪಲ್ಯಗಳ ಬಾಣಂತನದಲ್ಲಿ ದಿನಗಳು ಕಳೆದವು. ಡಬ್ಬಿ ಮಾಡದಲ್ಲಿಯೇ ಉಳಿಯಿತು.

ನನ್ನ ತಾಯಿಯ ತಿಳಿವಳಿಕೆಯೆಲ್ಲ ಸರಿಯಾಗಿತ್ತೆಂದು ನಾನು ಹೇಳಲಾರೆ. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಬೇಕೆಂದು ಅವಳ ಕಾಲದವರು ನಂಬಿದ್ದರು. ರೋಗನಿರೋಧಕ ಅಂಶಗಳು ತುಂಬಿರುವ ಆ ಹಾಲು ಕೂಸಿಗೆ ದೊರೆಯುವ ಮೊದಲ ರಕ್ಷೆಯೆಂಬುದು ಈಗ ನಿರ್ವಿವಾದ. ಆಕಳ ಗಿಣ್ಣವನ್ನು ಹಬ್ಬವೆಂಬಂತೆ ಹಂಚಿ ತಿನ್ನುವ ನಾವು ನಮ್ಮ ಕೂಸಿನ ಗಿಣ್ಣವನ್ನು ಚೆಲ್ಲಿಬಿಡುತ್ತಿದ್ದೆವು. ಆದರೆ “ಕುಡಿದಷ್ಟು ಹಾಲು ಇಳಿಯುತ್ತದೆ” ಎಂಬ ಅವಳ ಮಾತು ಮಾತ್ರ ಅಪ್ಪಟ ಶರೀರಶಾಸ್ತ್ರ. ಕೂಸು ಮೊಲೆಯನ್ನು ಚೀಪಿದಾಗ ಅದರ ಸುದ್ದಿ ನರಗಳ ಮೂಲಕ ಮಿದುಳಿಗೆ ಮುಟ್ಟುತ್ತದೆ. ಪ್ರೊಲ್ಯಾಕ್ಟಿನ್ ಎಂಬ ರಸ ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಎಂಬುದು ಉತ್ಪಾದನೆಯಾದ ಹಾಲನ್ನು ಕೆಳಗಿಳಿಸುತ್ತದೆ. ಮೊಲೆ ಬರಿದಾದಂತೆ ಹೊಸ ಹಾಲು ತುಂಬುತ್ತದೆ. ತುಂಬಿಯೇ ಉಳಿದರೆ ಉತ್ಪಾದನೆ ತಗ್ಗುತ್ತದೆ. ಸೇದಿದಷ್ಟು ಊರುವ ಬಾವಿಯಂತೆ ಇದರ ರೀತಿ. ಹಾಲು ತುಂಬಿ ಬರಲು ಹೆರಿಗೆಯ ನಂತರ ಎರಡರಿಂದ ನಾಲ್ಕು ದಿನ ಹಿಡಿಯುವುದು ಸಹಜ. ಸಂಶಯ ಹುಟ್ಟುವುದು ಆ ದಿನಗಳಲ್ಲಿಯೇ, ಡಬ್ಬಿ ಕೈಗೆ ಬರುತ್ತಿದ್ದುದೂ ಆ ದಿನಗಳಲ್ಲಿಯೇ. ಪುಡಿಯ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಗೆ ಬರುವುದು ಕಡಿಮೆಯಾಗುತ್ತದೆ. ಎದೆಯ ಹಾಲೂ ಕಡಿಮೆಯಾಗುತ್ತದೆ. ಪುಕ್ಕಟೆಯ ಡಬ್ಬಿ ಮುಗಿಯುವ ಹೊತ್ತಿಗೆ ಮುಂದಿನ ಡಬ್ಬಿಯನ್ನು ಕೊಳ್ಳದೆ ಗತ್ಯಂತರವಿರುವುದಿಲ್ಲ. ಮಾದರಿಯೆಂದು ಕೊಟ್ಟದ್ದು ಹೀಗೆ ಗಿರಾಕಿಯನ್ನು ಸೃಷ್ಟಿಸುತ್ತದೆ.

ಬೇಡವಾದ ಇಂಥ ಡಬ್ಬಿಗಳನ್ನು ಅಂದಿನ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರೆಂಬುದನ್ನು ನಾನು ಹತ್ತಾರು ಮನೆಗಳಲ್ಲಿ ಕಂಡಿದ್ದೇನೆ. ಕೆಲವರು ಚಹಕ್ಕೆ ಬೆರೆಸಿ ಮುಗಿಸಿದರು. ಕೆಲವರು ಸಕ್ಕರೆ, ತುಪ್ಪ ಹಾಕಿ ಪೇಢೆಯಂಥದೊಂದನ್ನು ತಿರುವಿ ಮಕ್ಕಳಿಗೆ ಹಂಚಿದರು. ಕೆಲವರ ಮನೆಯಲ್ಲಿ ಅವಧಿ ಮೀರಿ ಗಂಟುಕಟ್ಟುವವರೆಗೆ ಇದ್ದು ತಿಪ್ಪೆ ಸೇರಿತು. ಖಾಲಿ ಡಬ್ಬಿಗಳಂತೂ ಸಾಸಿವೆ, ಜೀರಿಗೆ ತುಂಬಿಕೊಂಡು ವರ್ಷಗಟ್ಟಲೆ ಬಾಳಿದವು. ಇವಾವುವೂ ಯಾರಿಗೂ ಕೇಡು ಮಾಡಲಿಲ್ಲ. ಕೇಡು ಮಾಡಿದ್ದು ನನ್ನಂಥವರು ಮಾಡಿದ ದಾನ.

ನಮ್ಮ ಓಣಿಯಲ್ಲಿ ಕೂಲಿ ಮಾಡಿ ಬದುಕುವ ಹೆಣ್ಣುಮಗಳೊಬ್ಬಳು ನನಗಿಂತ ತಿಂಗಳ ಮೊದಲು ಹೆತ್ತಿದ್ದಳು. ಎರೆಹೊಲದಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಅವಳು ಆಗಲೇ ಹೊರಟಿದ್ದಳು. ನನಗೆ ಬೇಡವಾದದ್ದು ಅವಳಿಗಾದರೂ ಆದೀತೆಂದು ಆ ಡಬ್ಬಿಯನ್ನು, ಅದರ ಜೊತೆಗೆ ಒಂದು ಶೀಷೆಯನ್ನು ಅವಳಿಗೆ ಕೊಟ್ಟೆ. ಕೊಡುವಾಗ ನನ್ನ ಮನಸ್ಸಿಗೆ ಬಹಳ ಸಮಾಧಾನವಾಗಿತ್ತೆಂಬುದನ್ನು ಇಂದಿಗೂ ಮರೆತಿಲ್ಲ. ಮೂರು ವಾರ ಕಳೆಯುವುದರೊಳಗೆ ಅವಳ ಕೂಸಿಗೆ ವಾಂತಿ ಭೇದಿ ಹಿಡಿಯಿತು. ಕಣ್ಣು ಒಳಗಿಳಿದು, ನೆತ್ತಿ ಕುಸಿದ ಆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಕುಳಿತು ಅವಳು ಹೇಳಿದಳು: “ಡಬ್ಬಿ ಭಾಳ ದಿನ ಬರ್ಲಿ ಅಂತ ಚೂರುಚೂರ ಹಾಕಿ ಕಲಸಿದೆರಿ ಅಕ್ಕಾರ. ಈಗ ಅದೂ ಮುಗೀತು, ನನ್ನ ಹಾಲೂ ಬತ್ತಿ ಹೋತು.” ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾರದ ಸಂಕಟವಾಯಿತು.

ಸಕ್ಕರೆ ಉಪ್ಪಿನ ಜೀವಜಲದಿಂದ, ಆಸ್ಪತ್ರೆಯ ಆರೈಕೆಯಿಂದ ಆ ಕೂಸು ಉಳಿಯಿತು. ಅನುಭವಿ ದಾದಿಯೊಬ್ಬಳು ಗಳಿಗೆಗೊಮ್ಮೆ ಕೂಸನ್ನು ಎದೆಗೆ ಹಚ್ಚಿಸಿ, ಕೆಲವು ವಾರಗಳಲ್ಲಿ ತಾಯಿಯ ಹಾಲು ಮರಳಿ ಬರುವಂತೆ ಮಾಡಿದಳು. ಬತ್ತಿದ ಹಾಲು ಮರಳಿ ಬರುತ್ತದೆಂಬುದೂ ನಾನು ಅಂದು ಕಲಿತ ಪಾಠವೇ.

ಆ ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ. ಪುಡಿಯ ಹಾಲಿಗೆ ಬೇಕಾದದ್ದು ಪುಡಿಯೊಂದೇ ಅಲ್ಲ. ಶುದ್ಧವಾದ ನೀರು, ಅದನ್ನು ಕುದಿಸಲು ಉರುವಲು, ಶೀಷೆಯನ್ನು ಪ್ರತಿ ಸಲವೂ ಕುದಿಸಿ ತೊಳೆಯುವಷ್ಟು ಸಮಯ, ಡಬ್ಬಿಯ ಮೇಲಿನ ಅಳತೆಯನ್ನು ಓದುವಷ್ಟು ಅಕ್ಷರ, ಮುಗಿದೊಡನೆ ಮತ್ತೊಂದನ್ನು ಕೊಳ್ಳುವಷ್ಟು ರೊಕ್ಕ, ಇವೆಲ್ಲ ಬೇಕು. ಪುಡಿಯೂ ಸಂಪೂರ್ಣ ನಿರ್ಜಂತುಕವಲ್ಲ. ಅದನ್ನು ಕಲಸುವ ನೀರಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿತು. ಕಲಸಿದ ಹಾಲನ್ನು ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಹೊಲದ ಬದುವಿನಲ್ಲಿ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವ ಹೆಣ್ಣುಮಗಳಿಗೆ ಇವುಗಳಲ್ಲಿ ಯಾವುದನ್ನೂ ನಾನು ಕೊಟ್ಟಿರಲಿಲ್ಲ, ಡಬ್ಬಿಯೊಂದನ್ನೇ ಕೊಟ್ಟಿದ್ದೆ.

ಈ ಕಥೆ ಮುರಗೋಡದ ಒಂದು ಓಣಿಯದಷ್ಟೇ ಅಲ್ಲ. ಸೆಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿಯೇ ಸಿಂಗಾಪುರದ ರೋಟರಿ ಸಭೆಯಲ್ಲಿ ಮಾತನಾಡಿ, ತನ್ನ ಭಾಷಣಕ್ಕೆ ‘ಹಾಲು ಮತ್ತು ಕೊಲೆ’ ಎಂದು ಹೆಸರಿಟ್ಟಳು. ದಾದಿಯರ ವೇಷದಲ್ಲಿ ಮಾರಾಟಗಾರ್ತಿಯರನ್ನು ಬಡ ತಾಯಂದಿರ ಬಳಿಗೆ ಕಳಿಸುವ ಪದ್ಧತಿ ಹಲವು ದೇಶಗಳಲ್ಲಿತ್ತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಕಂಪನಿಯ ವಿರುದ್ಧ ಬಹಿಷ್ಕಾರ ಚಳವಳಿ ಆರಂಭವಾಯಿತು. 1981ರ ಮೇ 21ರಂದು ಜಿನೀವಾದ ವಿಶ್ವ ಆರೋಗ್ಯ ಅಧಿವೇಶನ ಇಂಥ ಪದಾರ್ಥಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತಗಳು. ವಿರುದ್ಧವಾಗಿ ಒಂದೇ, ಅಮೆರಿಕದ್ದು. ತಾಯಂದಿರಿಗೆ ಪುಕ್ಕಟೆ ಮಾದರಿಗಳನ್ನು ಕೊಡಕೂಡದೆಂಬುದು ಆ ಸಂಹಿತೆಯ ಮುಖ್ಯ ವಿಧಿಗಳಲ್ಲೊಂದು.

ಭಾರತ 1983ರಲ್ಲಿ ತನ್ನದೇ ಸಂಹಿತೆಯನ್ನು ರೂಪಿಸಿತು. ಆದರೆ ಸಂಹಿತೆಯೆಂಬುದು ಬರಿಯ ಉಪದೇಶ. ನನ್ನ ಚೀಲಕ್ಕೆ ಡಬ್ಬಿ ಬಂದದ್ದು ಅದರ ಮರುವರ್ಷವೇ. 1992ರಲ್ಲಿ ಸಂಸತ್ತು ಶಿಶುಹಾಲಿನ ಬದಲಿ ಪದಾರ್ಥಗಳ, ಹಾಲಿನ ಶೀಷೆಗಳ ಹಾಗೂ ಶಿಶು ಆಹಾರಗಳ ನಿಯಂತ್ರಣಕ್ಕೆ ಕಾಯಿದೆ ಮಾಡಿ, 1993ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು. ಜಾಹೀರಾತು ನಿಷಿದ್ಧ. ಮಾದರಿ ನಿಷಿದ್ಧ. ಆರೋಗ್ಯ ಕಾರ್ಯಕರ್ತರಿಗೆ ಕಾಣಿಕೆ ಕೊಡುವುದು ನಿಷಿದ್ಧ. ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನಾಗಲಿ ಹೆಣ್ಣಿನ ಚಿತ್ರವನ್ನಾಗಲಿ ಅಚ್ಚುಹಾಕುವಂತಿಲ್ಲ. ನನ್ನ ಡಬ್ಬಿಯ ಮೇಲೆ ನಕ್ಕಿದ್ದ ಆ ಗುಂಡುಕೂಸು ಹೀಗೆ ಕಾಯಿದೆಯ ಮೂಲಕ ಮರೆಯಾಯಿತು. ಮಾದರಿ ಹಂಚಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ಐದು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು.

ಈ ಕಾಯಿದೆಯ ಐದನೆಯ ಕಲಮನ್ನು ಓದಿದಾಗ ನಾನು ಬೆಚ್ಚಿಬಿದ್ದೆ. ಅನಾಥಾಲಯದ ಹೊರತು ಬೇರೆ ಯಾರಿಗೂ ಯಾವ ವ್ಯಕ್ತಿಯೂ ಇಂಥ ಹಾಲುಪುಡಿಯನ್ನಾಗಲಿ ಶೀಷೆಯನ್ನಾಗಲಿ ದಾನ ಮಾಡಕೂಡದೆಂದು ಅದು ಹೇಳುತ್ತದೆ. ಹಿಂದೆ ನಾನು ಪುಣ್ಯವೆಂದು ಎಣಿಸಿ ಮಾಡಿದ ಕೆಲಸವನ್ನೇ ಕಾನೂನು ಹೆಸರಿಟ್ಟು ನಿಲ್ಲಿಸಿತ್ತು. ಅನಾಥಾಲಯವನ್ನು ಬಿಟ್ಟದ್ದರಲ್ಲಿಯೂ ಅರ್ಥವಿದೆ: ತಾಯಿಯಿಲ್ಲದ ಕೂಸಿಗೆ ಬತ್ತಿಹೋಗಬಹುದಾದ ಎದೆಹಾಲೇ ಇಲ್ಲ.

ಇಷ್ಟು ಹೇಳಿದ್ದರಿಂದ ಹಾಲುಪುಡಿಯನ್ನು ವಿಷವೆಂದು ಯಾರೂ ಭಾವಿಸಬಾರದು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಸಾಧಿಸಿದವರು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ನಮ್ಮ ವಿಜ್ಞಾನಿಗಳೇ. ಅಮುಲ್ ಸಹಕಾರಿ ಸಂಸ್ಥೆ ಅದನ್ನು ಬಳಕೆಗೆ ತಂದಿತು. ತಾಯಿ ತೀರಿಕೊಂಡ ಕೂಸಿಗೆ, ದತ್ತಕ ಬಂದ ಕೂಸಿಗೆ, ವೈದ್ಯಕೀಯ ಕಾರಣದಿಂದ ಎದೆಹಾಲು ಕೊಡಲಾಗದ ತಾಯಿಗೆ ಅದು ಆಸರೆ. ಅಂಥ ತಾಯಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಆಗಲೂ ಶೀಷೆಗಿಂತ, ನಮ್ಮ ಮನೆಗಳಲ್ಲಿದ್ದ ಒಳಲೆಯೇ ಮೇಲು. ಅದನ್ನು ತೊಳೆಯುವುದು ಸುಲಭ. ಈಗ ತಾಯಂದಿರು ದಾನ ಮಾಡಿದ ಎದೆಹಾಲಿನ ಭಂಡಾರಗಳೂ ಇವೆ. ಏಷ್ಯಾದಲ್ಲಿ ಮೊದಲನೆಯದು 1989ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ತೆರೆಯಿತು. ದಾನಕ್ಕೆ ಯೋಗ್ಯವಾದ ಹಾಲು ಯಾವುದೆಂಬುದನ್ನು ಇವು ತೋರಿಸಿಕೊಟ್ಟಿವೆ.

ಕಾಯಿದೆಯಿಂದ ಎಲ್ಲವೂ ಮುಗಿಯಿತೆಂದು ತಿಳಿಯುವಂತಿಲ್ಲ. ಡಬ್ಬಿ ಈಗ ಚೀಲದಲ್ಲಿ ಬರುವ ಬದಲು ಸಲಹೆಯ ರೂಪದಲ್ಲಿ, ಕೈಯಲ್ಲಿರುವ ಫೋನಿನ ಮೂಲಕ ಬರಬಹುದು. ಅಮೆರಿಕದಲ್ಲಿ ನೆಲೆಸಿದ ನಮ್ಮ ಹೆಣ್ಣುಮಕ್ಕಳಿಗಂತೂ ಹೆರಿಗೆಗೆ ಮೊದಲೇ ಅಂಚೆಯಲ್ಲಿ ಡಬ್ಬಿಗಳು ಬರುತ್ತವೆ. ಅಲ್ಲಿ ಅದಕ್ಕೆ ನಿಷೇಧವಿಲ್ಲ. ‘ಇದನ್ನು ಏನು ಮಾಡಲಿ, ಅಜ್ಜಿ?’ ಎಂದು ಅಲ್ಲಿಂದ ನನ್ನನ್ನು ಕೇಳಿದವರಿದ್ದಾರೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೇಡವಾದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಲೇಬೇಡಿ. ಬಂದೇ ಬಿಟ್ಟರೆ ಕಣ್ಣಿಗೆ ಕಾಣುವಲ್ಲಿ ಇಡಬೇಡಿ. ನಡುರಾತ್ರಿಯ ಸಂಶಯಕ್ಕೆ ಅದು ಸುಲಭವಾಗಿ ಸಿಗಬಾರದು. ಅವಧಿ ಮೀರಿರದಿದ್ದರೆ ದೊಡ್ಡವರ ಚಹಕ್ಕೆ ಹಾಕಿ ಮುಗಿಸಿ. ಇಲ್ಲವೇ ಮುಚ್ಚಳ ತೆರೆಯದೆ ಅನಾಥಾಲಯಕ್ಕೆ, ಅಲ್ಲಿಯವರನ್ನು ಕೇಳಿಕೊಂಡು, ಮುಟ್ಟಿಸಿ. ನಮ್ಮ ದೇಶದಲ್ಲಿ ಯಾರಾದರೂ ಮಾದರಿಯೆಂದು ಕೊಟ್ಟರೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ತಿಳಿಸಿ. ಎದೆಹಾಲಿರುವ ಇನ್ನೊಬ್ಬ ತಾಯಿಗೆ, ಅವಳು ಎಷ್ಟೇ ಬಡವಳಾಗಿರಲಿ, ಅದನ್ನು ಕೊಡಬೇಡಿ. ಕೊಡಬೇಕೆನಿಸಿದರೆ ಜೋಳ ಕೊಡಿ, ಬೇಳೆ ಕೊಡಿ, ಅವಳು ಕೂಸಿನೊಡನೆ ಕುಳಿತಿರುವ ಒಂದು ತಾಸು ಅವಳ ಮನೆಗೆಲಸವನ್ನು ಮಾಡಿಕೊಡಿ. ತಾಯಿ ಉಂಡರೆ ಕೂಸು ಉಂಡಂತೆ.

ಆ ಓಣಿಯ ಕೂಸು ಇಂದು ಎರಡು ಮಕ್ಕಳ ತಾಯಿ. ಅವಳ ಚೊಚ್ಚಲ ಬಾಣಂತನಕ್ಕೆ ನಾನು ನೋಡಲು ಹೋದಾಗ, ಒಯ್ದದ್ದು ಒಂದು ಡಬ್ಬಿಯನ್ನೇ. ಅದರ ತುಂಬ ಅಂಟಿನ ಉಂಡೆಗಳಿದ್ದವು.

(ಬಾನುಲಿ ಭಾಷಣ)