ಕೊಕೇನ್ ತ್ಯಜಿಸಿದ ನಂತರದ ದಿನಗಳು: ಕುಟುಂಬದವರು ತಿಳಿದಿರಬೇಕಾದ ಸಂಗತಿಗಳು

ಮದ್ಯವ್ಯಸನಿಯು ಒಮ್ಮೆಲೇ ಕುಡಿತವನ್ನು ನಿಲ್ಲಿಸಿದಾಗ ಕೈ ನಡುಗುತ್ತದೆ, ಮೈ ಬೆವರುತ್ತದೆ. ಹೆರಾಯಿನ್ ನಿಲ್ಲಿಸಿದವರಿಗೆ ಮೈಕೈ ನೋವು, ವಾಂತಿ, ಭೇದಿ ಉಂಟಾಗುತ್ತವೆ. ಇವುಗಳನ್ನು ಕಂಡ ಮನೆಯವರು ಇದು ಕಾಯಿಲೆಯೆಂದು ಅರಿತು ವೈದ್ಯರ ಬಳಿಗೆ ಧಾವಿಸುತ್ತಾರೆ. ಕೊಕೇನಿನ ವಿಷಯ ಹಾಗಲ್ಲ. ಅದನ್ನು ತ್ಯಜಿಸಿದ ವ್ಯಕ್ತಿಯು ಮಲಗುತ್ತಾನೆ, ಎದ್ದು ಹಸಿದವನಂತೆ ಉಣ್ಣುತ್ತಾನೆ, ಮತ್ತೆ ಮಲಗುತ್ತಾನೆ. ಇದನ್ನು ನೋಡಿದ ಮನೆಯವರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಚಟ ಬಿಟ್ಟುಹೋಯಿತು, ಇನ್ನು ಚಿಂತೆಯಿಲ್ಲ ಎಂಬುದು ಒಂದು. ಇವನು ಶುದ್ಧ ಸೋಮಾರಿ ಎಂಬುದು ಇನ್ನೊಂದು. ಇವೆರಡೂ ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು.

ನಮ್ಮ ದೇಶದಲ್ಲಿ ಮದ್ಯ ಮತ್ತು ಅಫೀಮಿನ ಉತ್ಪನ್ನಗಳಿಗೆ ಹೋಲಿಸಿದರೆ ಕೊಕೇನ್ ಬಳಸುವವರ ಪ್ರಮಾಣ ಕಡಿಮೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅದು ಜನಸಂಖ್ಯೆಯ ಶೇಕಡ 0.1ರಷ್ಟು. ಆದರೆ ಇಷ್ಟು ವಿಶಾಲವಾದ ದೇಶದಲ್ಲಿ ಈ ಪುಟ್ಟ ಅಂಕಿಯೂ ಲಕ್ಷಾಂತರ ಜನರನ್ನು ಸೂಚಿಸುತ್ತದೆ. ಬಳಕೆ ವಿರಳವಾಗಿರುವುದರಿಂದಲೇ ಅದನ್ನು ತ್ಯಜಿಸುವಾಗ ಏನಾಗುತ್ತದೆ ಎಂಬ ತಿಳಿವಳಿಕೆಯೂ ವಿರಳವಾಗಿದೆ.

ಕೊಕೇನ್ ದೇಹದಲ್ಲಿ ಮಾಡುವ ಕೆಲಸ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಬೆಳೆಯುವ ಕೋಕಾ ಗಿಡದ ಎಲೆಯಿಂದ ಕೊಕೇನ್ ತಯಾರಾಗುತ್ತದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ವೈದ್ಯರು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ನೋವು ತಿಳಿಯದಂತೆ ಮಾಡಲು ಇದನ್ನು ಬಳಸಬಹುದೆಂದು ತೋರಿಸಿಕೊಟ್ಟರು. ಔಷಧವಾಗಿ ಬಂದ ಈ ವಸ್ತುವು ವ್ಯಸನಕ್ಕೂ ಕಾರಣವಾಗುತ್ತದೆಂಬುದು ಬಹುಬೇಗ ಸ್ಪಷ್ಟವಾಯಿತು.

ಮಿದುಳಿನ ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಮರಳಿ ಹೀರಿಕೊಳ್ಳುತ್ತವೆ. ಕೊಕೇನ್ ಈ ಮರುಹೀರಿಕೆಯನ್ನು ತಡೆಯುತ್ತದೆ. ಡೋಪಮೀನ್ ಒಂದೆಡೆ ಶೇಖರವಾಗಿ, ವ್ಯಕ್ತಿಗೆ ಅಸಾಧಾರಣ ಉಲ್ಲಾಸ, ಶಕ್ತಿ, ಆತ್ಮವಿಶ್ವಾಸಗಳ ಅನುಭವವಾಗುತ್ತದೆ. ಹಸಿವು, ನಿದ್ರೆಗಳು ದೂರವಾಗುತ್ತವೆ. ಇದು ಪದೇ ಪದೇ ನಡೆದಾಗ ಮಿದುಳು ತನ್ನ ಸ್ಪಂದನವನ್ನೇ ತಗ್ಗಿಸಿಕೊಳ್ಳುತ್ತದೆ. ದೊಡ್ಡ ಸದ್ದಿನ ಬಳಿ ಬಹುಕಾಲ ನಿಂತವರಿಗೆ ಮೆಲುದನಿ ಕೇಳಿಸದಂತೆ, ಊಟದ ರುಚಿ, ಮಕ್ಕಳ ಮಾತು, ಸಂಗೀತ ಮುಂತಾದ ನಿತ್ಯದ ಸಂತೋಷಗಳು ವ್ಯಸನಿಯ ಮನಸ್ಸನ್ನು ತಲುಪದಂತಾಗುತ್ತವೆ.

ರಕ್ತದಲ್ಲಿನ ಕೊಕೇನಿನ ಪ್ರಮಾಣವು ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂತ್ರದಲ್ಲಿ ಅದರ ಅಂಶವು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳವರೆಗೆ, ದೀರ್ಘಕಾಲ ಸೇವಿಸಿದವರಲ್ಲಿ ಇನ್ನೂ ಹೆಚ್ಚು ದಿನ ಕಂಡುಬರುತ್ತದೆ. ಹೀಗೆ ವಿಷವನ್ನು ಹೊರಹಾಕುವ ಕಾರ್ಯವನ್ನು ದೇಹವು ತಾನಾಗಿಯೇ ಕೆಲವು ದಿನಗಳಲ್ಲಿ ಪೂರೈಸುತ್ತದೆ. ತಡವಾಗುವುದು ಮಿದುಳಿನ ಚೇತರಿಕೆ.

ಮೂರು ಹಂತಗಳು

1986ರಲ್ಲಿ ಅಮೆರಿಕದ ವೈದ್ಯರಾದ ಫ್ರ್ಯಾಂಕ್ ಗಾವಿನ್ ಮತ್ತು ಹರ್ಬರ್ಟ್ ಕ್ಲೆಬರ್ ಅವರು ಈ ಅವಧಿಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಎಲ್ಲರಲ್ಲಿಯೂ ಈ ಹಂತಗಳು ಸ್ಪಷ್ಟವಾಗಿ ಬೇರ್ಪಟ್ಟಿರುವುದಿಲ್ಲ. ಅನೇಕರಲ್ಲಿ ತೊಂದರೆಯು ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಆದರೂ ಮುಂದೇನು ಬರಬಹುದೆಂಬುದನ್ನು ತಿಳಿಯಲು ಈ ವಿಂಗಡಣೆ ಉಪಯುಕ್ತವಾಗಿದೆ.

ಮೊದಲನೆಯದು ಕುಸಿತದ ಹಂತ. ಕೊನೆಯ ಸೇವನೆಯ ಕೆಲವೇ ಗಂಟೆಗಳಲ್ಲಿ ಆರಂಭವಾಗಿ ಸುಮಾರು ನಾಲ್ಕು ದಿನಗಳವರೆಗೆ ಇರುತ್ತದೆ. ಆರಂಭದಲ್ಲಿ ತಳಮಳ, ಸಿಡುಕು, ಖಿನ್ನತೆ ಇರುತ್ತವೆ. ಬಳಿಕ ವಿಪರೀತ ಆಯಾಸವೂ ದೀರ್ಘನಿದ್ರೆಯೂ ಆವರಿಸುತ್ತವೆ. ಹಸಿವು ಹೆಚ್ಚುತ್ತದೆ. ಭಯಾನಕವಾದ, ನಿಜವೆಂಬಂತೆ ತೋರುವ ಕನಸುಗಳು ಬೀಳುತ್ತವೆ. ಈ ದಿನಗಳಲ್ಲಿ ಬೇಕಾದುದು ನಿದ್ರೆ, ಊಟ, ನೀರು ಮತ್ತು ಹತ್ತಿರದಲ್ಲಿ ಒಬ್ಬರ ಇರುವಿಕೆ. ಬುದ್ಧಿವಾದಕ್ಕೆ ಇದು ಸಮಯವಲ್ಲ.

ಎರಡನೆಯ ಹಂತವು ಒಂದರಿಂದ ಹತ್ತು ವಾರಗಳವರೆಗೆ ಇರಬಹುದು. ಮೊದಲ ಕೆಲವು ದಿನಗಳಲ್ಲಿ ನಿದ್ರೆ ಸರಿಹೋಗಿ, ಮುಖದಲ್ಲಿ ಕಳೆ ಮೂಡಿ, ವ್ಯಕ್ತಿಯು ಗುಣಮುಖನಾದಂತೆ ತೋರುತ್ತಾನೆ. ನಂತರ ಯಾವುದರಲ್ಲಿಯೂ ಆಸಕ್ತಿಯಿಲ್ಲದ ನಿರುತ್ಸಾಹ, ಬೇಸರ, ಏಕಾಗ್ರತೆಯ ಕೊರತೆಗಳು ತಲೆದೋರುತ್ತವೆ. ಅವುಗಳ ಹಿಂದೆಯೇ ಕೊಕೇನಿಗಾಗಿ ತೀವ್ರ ಹಂಬಲವೂ ಬರುತ್ತದೆ. ಬಹಳಷ್ಟು ಮಂದಿ ಮರಳಿ ವ್ಯಸನಕ್ಕೆ ಬೀಳುವುದು ಮಲಗಿದ್ದ ದಿನಗಳಲ್ಲಲ್ಲ, ಎದ್ದು ಓಡಾಡತೊಡಗಿದ ಈ ವಾರಗಳಲ್ಲಿ. ಎಲ್ಲವೂ ಸರಿಹೋಯಿತೆಂದು ಮನೆಯವರು ಎಚ್ಚರಿಕೆ ಸಡಿಲಿಸುವುದೂ ಇದೇ ಸಮಯದಲ್ಲಿ ಎಂಬುದು ಗಮನಾರ್ಹ.

ಮೂರನೆಯ ಹಂತಕ್ಕೆ ನಿಶ್ಚಿತ ಅವಧಿಯಿಲ್ಲ. ಮನಸ್ಸು ಬಹುತೇಕ ಸಹಜಸ್ಥಿತಿಗೆ ಮರಳಿರುತ್ತದೆ. ಆದರೆ ಹಳೆಯ ಸ್ನೇಹಿತನ ದೂರವಾಣಿ ಕರೆ, ಕೈಗೆ ಬಂದ ಸಂಬಳ, ಒಂದು ಪಾರ್ಟಿಯ ಆಮಂತ್ರಣ, ಒಂದು ಲೋಟ ಮದ್ಯ, ಇಷ್ಟರಿಂದಲೇ ಹಂಬಲ ಕೆರಳಬಹುದು. ತಿಂಗಳುಗಳ ಅನಂತರವೂ ಹೀಗಾಗುವುದುಂಟು. ಅದಕ್ಕೆ ಮಣಿಯದೆ ಇದ್ದಲ್ಲಿ ಹಂಬಲವು ತಾನಾಗಿಯೇ ಇಳಿಯುತ್ತದೆ. ಹೀಗೆ ಇಳಿದ ಪ್ರತಿಯೊಂದು ಬಾರಿಯೂ ಅದರ ಬಲ ಕುಗ್ಗುತ್ತಾ ಬರುತ್ತದೆ.

ತಡಮಾಡಬಾರದ ಸಂದರ್ಭಗಳು

ಕೊಕೇನ್ ತ್ಯಜಿಸುವುದರಿಂದ ಸಾಮಾನ್ಯವಾಗಿ ದೇಹಕ್ಕೆ ಪ್ರಾಣಾಪಾಯವಿಲ್ಲ. ಆದರೆ ಕುಸಿತದ ದಿನಗಳ ಖಿನ್ನತೆಯು ಕೆಲವರನ್ನು ಆತ್ಮಹತ್ಯೆಯ ಆಲೋಚನೆಗೆ ದೂಡುತ್ತದೆ. ಬದುಕಿದ್ದು ಪ್ರಯೋಜನವಿಲ್ಲ ಎಂಬಂತಹ ಮಾತನ್ನು ಲಘುವಾಗಿ ಪರಿಗಣಿಸದೆ, ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂತಹ ಆಲೋಚನೆ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಕೆಡುಕಾಗುವುದಿಲ್ಲ. ಕೇಳುವವರಿದ್ದಾರೆಂಬ ಸಮಾಧಾನ ದೊರೆಯುತ್ತದೆ.

ಕೊಕೇನಿನೊಡನೆ ಮದ್ಯವನ್ನೋ ನಿದ್ರೆಮಾತ್ರೆಯನ್ನೋ ಅಭ್ಯಾಸ ಮಾಡಿಕೊಂಡವರು ಅನೇಕರಿದ್ದಾರೆ. ಅವನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಉಂಟಾಗಿ ಪ್ರಾಣಕ್ಕೆ ಕುತ್ತಾಗಬಹುದು. ಇಂತಹವರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಿಲ್ಲಿಸತಕ್ಕದ್ದು. ಎದೆನೋವು, ಉಸಿರಾಟದ ತೊಂದರೆ, ದೇಹದ ಒಂದು ಪಾರ್ಶ್ವದ ನಿಶ್ಶಕ್ತಿ ಕಂಡುಬಂದರೆ ವಯಸ್ಸು ಎಷ್ಟೇ ಕಿರಿದಾಗಿದ್ದರೂ ತುರ್ತು ಚಿಕಿತ್ಸೆ ಅಗತ್ಯ. ಕೊಕೇನ್ ಯುವಕರಲ್ಲಿಯೂ ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನು ಉಂಟುಮಾಡಬಲ್ಲದು. ಯಾವ ವಸ್ತುವನ್ನು, ಯಾವಾಗ ಸೇವಿಸಲಾಯಿತೆಂಬುದನ್ನು ವೈದ್ಯರಿಂದ ಮರೆಮಾಚಬಾರದು.

ಚಿಕಿತ್ಸೆ ಮತ್ತು ಮನೆಯವರ ಪಾತ್ರ

ಕೊಕೇನ್ ವ್ಯಸನವನ್ನು ಗುಣಪಡಿಸುವುದಕ್ಕೆಂದೇ ಮಾನ್ಯತೆ ಪಡೆದ ಔಷಧ ಯಾವುದೂ ಇಲ್ಲ. ನಿದ್ರಾಹೀನತೆ, ಖಿನ್ನತೆಗಳಿಗೆ ವೈದ್ಯರು ಔಷಧ ನೀಡಬಹುದು. ಮುಖ್ಯ ಚಿಕಿತ್ಸೆಯೆಂದರೆ ಆಪ್ತಸಲಹೆ. ಹಂಬಲವನ್ನು ಕೆರಳಿಸುವ ಸಂದರ್ಭಗಳನ್ನು ಗುರುತಿಸಿ ಎದುರಿಸುವುದನ್ನು ಇದರಲ್ಲಿ ಕಲಿಸಲಾಗುತ್ತದೆ. ಮೂತ್ರಪರೀಕ್ಷೆಯಲ್ಲಿ ಕೊಕೇನ್ ಕಂಡುಬರದ ಪ್ರತಿ ಬಾರಿಯೂ ಸಣ್ಣ ಬಹುಮಾನ ನೀಡಿ ಉತ್ತೇಜಿಸುವ ವಿಧಾನವೂ ಪರಿಣಾಮಕಾರಿಯೆಂದು ವಿದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಮರಳಿ ಒಮ್ಮೆ ಸೇವಿಸಿದ ಮಾತ್ರಕ್ಕೆ ಚಿಕಿತ್ಸೆ ವ್ಯರ್ಥವಾಯಿತೆಂದು ಭಾವಿಸಬಾರದು.

ಊರುಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಸಂಕೋಚವೇ ದೊಡ್ಡ ಅಡ್ಡಿ. ಊರಿನ ಬಂಧುಗಳಿಗೆ ತಿಳಿದರೆ ಗತಿಯೇನೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಲಾಗುತ್ತದೆ. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಳಜಿ ಅಧಿನಿಯಮದ ಮೇರೆಗೆ ಚಿಕಿತ್ಸಕರ ಕರ್ತವ್ಯವಾಗಿದೆ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಅದೇ ಅಧಿನಿಯಮವು ನಿಷೇಧಿಸಿದೆ. ಹಾಗೆ ಮಾಡುವ ಯಾವುದೇ ಕೇಂದ್ರದಿಂದ ದೂರವಿರಬೇಕು.

ಪೊಲೀಸರ ಭಯವೂ ಅನೇಕರನ್ನು ತಡೆಯುತ್ತದೆ. 1985ರ ಎನ್.ಡಿ.ಪಿ.ಎಸ್. ಅಧಿನಿಯಮದ ಮೇರೆಗೆ ಕೊಕೇನ್ ಸೇವನೆ ಅಪರಾಧವೆಂಬುದು ನಿಜ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವನ್ನು ಎದುರಿಸುತ್ತಿರುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ 64ಎ ಪ್ರಕರಣವು ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

ನೆರವು ದೊರೆಯುವ ಸ್ಥಳಗಳು

ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಸಂಕಟದ ಸಂದರ್ಭದಲ್ಲಿ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ಗಾಜಿಯಾಬಾದಿನಲ್ಲಿದೆ. ಪುಣೆಯಲ್ಲಿ 1986ರಿಂದ ಮುಕ್ತಾಂಗಣ, ಚೆನ್ನೈಯಲ್ಲಿ 1980ರಿಂದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಾ ಬಂದಿವೆ. ಇತರೆಡೆಗಳಲ್ಲಿ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು.

ಕೊಕೇನ್ ದೇಹವನ್ನು ಬಿಡಲು ಕೆಲವು ದಿನಗಳು ಸಾಕು. ಮನಸ್ಸಿಗೆ ಸಹಜ ಸಂತೋಷ ಮರಳಲು ತಿಂಗಳುಗಳು ಬೇಕು. ನಿರುತ್ಸಾಹದಿಂದ ಕುಳಿತವನನ್ನು ಸೋಮಾರಿಯೆಂದು ಹಳಿಯದೆ, ಚೇತರಿಸಿಕೊಂಡಂತೆ ಕಂಡವನನ್ನು ಗುಣವಾದನೆಂದು ಕೈಬಿಡದೆ, ಆ ತಿಂಗಳುಗಳುದ್ದಕ್ಕೂ ಜೊತೆಗಿರುವುದೇ ಕುಟುಂಬವು ನೀಡಬಹುದಾದ ಅತ್ಯುತ್ತಮ ಚಿಕಿತ್ಸೆ.