ಕೊಟ್ಟಿಗೆಯ ಪಕ್ಕದ ಕಾರು: ದಿನಕ್ಕೆ ಐದು ನಿಮಿಷ ಅದಕ್ಕೂ ಇರಲಿ



ಕಾರಿಗೂ ಪಶುವೈದ್ಯರಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಹೇಗೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಂಘದ ಸದಸ್ಯರೊಬ್ಬರ ಮನೆಯಿಂದ ಫೋನ್ ಬಂತು. ನಾಲ್ಕು ತಿಂಗಳ ಹೆಣ್ಣು ಕರು. ಹಿಂದಿನ ದಿನದವರೆಗೂ ಚೆನ್ನಾಗಿ ಮೇಯುತ್ತಿದ್ದದ್ದು ಈಗ ಗೋಡೆಗೆ ಹಣೆ ಒತ್ತಿ ನಿಂತಿದೆ, ಹಲ್ಲು ಕಡಿಯುತ್ತಿದೆ, ಕರೆದರೆ ತಿರುಗುತ್ತಿಲ್ಲ ಎಂದರು. ಹೋಗಿ ನೋಡಿದರೆ ಕರುವಿಗೆ ಕಣ್ಣು ಕಾಣುತ್ತಿರಲಿಲ್ಲ. ರೆಪ್ಪೆ, ಕಿವಿ ಅದುರುತ್ತಿದ್ದವು. ಸುತ್ತಮುತ್ತ ಹುಡುಕಿದಾಗ ಕೊಟ್ಟಿಗೆಗೆ ಅಂಟಿಕೊಂಡ ಶೀಟಿನ ಮಾಡಿನ ಕೆಳಗೆ, ಕಾರಿನ ಹಿಂದೆ, ಒಡೆದ ಹಳೆಯ ಬ್ಯಾಟರಿ ಸಿಕ್ಕಿತು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಹಳೆಯದನ್ನು ಗುಜರಿಯವನು ಬಂದಾಗ ಕೊಡೋಣ ಎಂದು ಅಲ್ಲಿಟ್ಟಿದ್ದರು. ಕರು ಅದನ್ನು ನೆಕ್ಕಿತ್ತು. ಸೀಸದ ವಿಷ ಏರಿತ್ತು. ಕೊಡಬೇಕಾದ ಚಿಕಿತ್ಸೆ ಕೊಟ್ಟೆವು. ಸಂಜೆಯ ಹಾಲಿನ ಹೊತ್ತಿಗೆ ಕರು ಉಳಿದಿರಲಿಲ್ಲ.

ಆ ಮನೆಯ ಅಕ್ಕ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. "ಹಸು ವಿಷ್ಯ ಏನಿದ್ರೂ ನಾನೇ ನೋಡ್ಕೊಳ್ಳೋದು ಡಾಕ್ಟ್ರೇ. ಕಾರಿಗೆ ಮಾತ್ರ ನಾನು ಕೈ ಹಾಕಲ್ಲ, ಅದು ಮನೆಯವ್ರದ್ದು."

ಇಂದು ನಮ್ಮ ಅನೇಕ ಸದಸ್ಯರ ಮನೆ ಮುಂದೆ ಒಂದು ಕಾರೋ ವ್ಯಾನೋ ನಿಂತಿರುತ್ತದೆ. ಬಹುಪಾಲು ಸೆಕೆಂಡ್ ಹ್ಯಾಂಡ್. ಅದರ ಕಂತು ಹಾಲಿನ ಬಟವಾಡೆಯಿಂದಲೇ ಹೋಗುತ್ತದೆ. ಹಿಂಡಿ ಮೂಟೆ, ಹಾಲಿನ ಕ್ಯಾನು, ಆಸ್ಪತ್ರೆಗೆ ಅತ್ತೆ, ಶಾಲೆಗೆ ಮಕ್ಕಳು, ಎಲ್ಲಕ್ಕೂ ಅದೇ ಗಾಡಿ. ಅದು ನಿಲ್ಲುವುದೂ ಕೊಟ್ಟಿಗೆಯ ಪಕ್ಕದಲ್ಲೇ. ಹಾಗಾಗಿ ಅದನ್ನು ಓಡಿಸುವವರು ಯಾರೇ ಆಗಿರಲಿ, ಅದರ ಮೇಲೆ ನಿಮ್ಮ ಕಣ್ಣೂ ಇರಬೇಕು ಎಂಬುದು ನನ್ನ ಕೋರಿಕೆ. ಇದಕ್ಕೆ ಮೆಕ್ಯಾನಿಕ್ ಆಗಬೇಕಿಲ್ಲ. ಹಸು ನೋಡಲು ಬರುವವರಿಗೆ ಗಾಡಿ ನೋಡುವುದು ಕಷ್ಟವಲ್ಲ.

ಬೆಳಗಿನ ಒಂದು ಸುತ್ತು

ಹಾಲು ಕರೆಯುವ ಮುಂಚೆ ನೀವು ಹಸುವನ್ನು ಒಂದು ಸುತ್ತು ನೋಡುತ್ತೀರಿ. ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಕೆಚ್ಚಲು ಬಿಸಿಯಾಗಿದೆಯೇ ಎಂದು ಗಮನಿಸುತ್ತೀರಿ. ಗಾಡಿಯನ್ನೂ ಹಾಗೆಯೇ ಸುತ್ತಿ ನೋಡಿ.

ಚಕ್ರ: ನಾಲ್ಕೂ ಟೈರು ಒಂದೇ ಸಮ ನಿಂತಿವೆಯೇ ನೋಡಿ. ಗಾಳಿ ಎಷ್ಟಿರಬೇಕು ಎಂಬ ಅಂಕಿಯ ಚೀಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುತ್ತದೆ. ಬರಿಯ ಜನ ಕೂತಾಗ ಒಂದು ಅಂಕಿ, ಭಾರ ಹೇರಿದಾಗ ಇನ್ನೊಂದು. ಐವತ್ತು ಕಿಲೋ ಹಿಂಡಿಯ ಮೂಟೆಗಳನ್ನು ಹೇರುವ ದಿನ ಎರಡನೆಯ ಅಂಕಿ ನೋಡಿ. ಗಾಡಿ ಓಡಿ ಟೈರು ಬಿಸಿಯಾದ ಮೇಲೆ ಗಾಳಿ ಹೆಚ್ಚು ತೋರಿಸುತ್ತದೆ. ಆದ್ದರಿಂದ ತಣ್ಣಗಿರುವಾಗಲೇ ಹಿಡಿಸಿ. ಟೈರಿನ ಕಚ್ಚುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾರಿನ ಟೈರು ಬದಲಿಸಲೇಬೇಕು. ಅಳೆಯುವ ಸಾಧನ ಬೇಕಿಲ್ಲ. ಕಚ್ಚಿನ ಒಳಗೆ ಅಡ್ಡಲಾಗಿ ಸಣ್ಣ ಸಣ್ಣ ದಿಂಡುಗಳಿರುತ್ತವೆ, ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಅದರ ಕಾಲ ಮುಗಿಯಿತು ಎಂದರ್ಥ. ಸ್ಟೆಪ್ನಿಯನ್ನೂ ತಿಂಗಳಿಗೊಮ್ಮೆ ನೋಡಿ.

ನೆಲ: ಗಾಡಿ ಹೊರಟ ಮೇಲೆ ನಿಂತಿದ್ದ ಜಾಗ ನೋಡಿ. ಎಸಿ ಹಾಕಿದ್ದ ಗಾಡಿಯಿಂದ ಬರಿ ನೀರು ತೊಟ್ಟಿಕ್ಕುವುದು ಸಹಜ, ಹೆದರಬೇಡಿ. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣವಿದ್ದರೆ ಕೂಲೆಂಟ್. ಎರಡಕ್ಕೂ ಗ್ಯಾರೇಜಿಗೆ ಹೋಗಬೇಕು. ಕೂಲೆಂಟ್ ಬಗ್ಗೆ ಮುಂದೆ ಇನ್ನೊಂದು ಮಾತಿದೆ.

ಬಾನೆಟ್: ವಾರಕ್ಕೊಮ್ಮೆ ಸಾಕು. ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೂಲೆಂಟ್ ಡಬ್ಬಿಯ ಮೇಲೂ ಅಂಥದೇ ಎರಡು ಗೆರೆಗಳಿವೆ. ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ತುಂಬಬೇಡಿ. ಗಡಸು ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ಎಂಜಿನ್ ಒಳಗೂ ಕಟ್ಟುತ್ತದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ದೀಪಗಳು: ಗಾಡಿ ಸ್ಟಾರ್ಟ್ ಆದಾಗ ಮೀಟರಿನಲ್ಲಿ ಹೊತ್ತಿದ ಎಚ್ಚರಿಕೆ ದೀಪಗಳು ಆರಬೇಕು. ಓಡುವಾಗ ಹಳದಿ ದೀಪ ಉಳಿದರೆ ಆದಷ್ಟು ಬೇಗ ತೋರಿಸಿ. ಕೆಂಪು ದೀಪ ಬಂದರೆ ಬದಿಗೆ ಹಾಕಿ ನಿಲ್ಲಿಸಿ. ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಹೊತ್ತಿದ ಮೇಲೆ "ಇನ್ನೆರಡು ಕಿಲೋಮೀಟರ್ ತಾನೇ" ಎಂದು ಓಡಿಸಿದರೆ ಎಂಜಿನ್ನೇ ಹೋಗುತ್ತದೆ. ಆ ಖರ್ಚಿಗೆ ಎಷ್ಟು ತಿಂಗಳ ಬಟವಾಡೆ ಬೇಕು ಎಂದು ನಿಮಗೇ ಗೊತ್ತು.

ಎಸಿಯ ಗುಂಡಿಗಳು

ಎಸಿ ತಂಪಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಗಾಳಿಯ ತೇವವನ್ನೂ ತೆಗೆಯುತ್ತದೆ. ಕಾರಿನಡಿ ತೊಟ್ಟಿಕ್ಕುವ ನೀರು ಆ ತೇವವೇ.

ಮಳೆಗಾಲದಲ್ಲಿ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕೂತರೆ ಉಸಿರಿನ ತೇವ ತಣ್ಣನೆಯ ಗಾಜಿಗೆ ಕೂತು ಮಂಜು ಕವಿಯುತ್ತದೆ. ಆಗ ಸೆರಗಿನಿಂದ ಒರೆಸುತ್ತಾ ಗಾಡಿ ಓಡಿಸುವುದು ಅಪಾಯ. ಹೀಗೆ ಮಾಡಿ: ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುವ ಗುಂಡಿ ಒತ್ತಿ (ಗಾಜಿನ ಮೇಲೆ ಬಾಗಿದ ಬಾಣಗಳ ಚಿತ್ರವಿರುತ್ತದೆ), ಹೊರಗಿನ ಗಾಳಿ ಒಳಬರುವಂತೆ ಇಡಿ. ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಚಳಿಯಾದರೆ ಬಿಸಿಯ ಗುಂಡಿಯನ್ನೂ ತಿರುಗಿಸಬಹುದು, ಎಸಿ ಮತ್ತು ಬಿಸಿ ಒಟ್ಟಿಗೆ ನಡೆದರೆ ತಪ್ಪಿಲ್ಲ. ಹಿಂದಿನ ಗಾಜಿನಲ್ಲಿ ಕೆಂಪು ಗೆರೆಗಳಿದ್ದರೆ ಅದನ್ನು ಕಾಯಿಸಲು ಬೇರೆ ಗುಂಡಿ ಇರುತ್ತದೆ.

ಕಾರಿನ ಚಿತ್ರದೊಳಗೆ ಸುತ್ತುವ ಬಾಣವಿರುವ ಗುಂಡಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಮಣ್ಣಿನ ರಸ್ತೆಯ ಧೂಳಿನಲ್ಲಿ, ಲಾರಿಯ ಹೊಗೆಯ ಹಿಂದೆ, ಬಿಸಿಲಿನಲ್ಲಿ ಬೇಗ ತಂಪಾಗಲು ಅದು ಒಳ್ಳೆಯದು. ಮಳೆಯಲ್ಲಿ ಅದೇ ಗುಂಡಿ ಗಾಜನ್ನು ಮಂಜಾಗಿಸುತ್ತದೆ. ದೂರದ ಪ್ರಯಾಣದಲ್ಲಿ ಆಗಾಗ ಹೊರಗಾಳಿಗೆ ಬದಲಿಸಿ, ಇಲ್ಲದಿದ್ದರೆ ಓಡಿಸುವವರಿಗೆ ಜೋಂಪು ಹತ್ತುತ್ತದೆ.

ಎಸಿಯಿಂದ ಮುಗ್ಗಲು ವಾಸನೆ ಬರುತ್ತಿದೆಯೇ? ಮನೆ ತಲುಪುವ ಒಂದೆರಡು ನಿಮಿಷ ಮುಂಚೆ ಎಸಿ ಆರಿಸಿ ಫ್ಯಾನ್ ಮಾತ್ರ ಓಡಲು ಬಿಡಿ, ಒಳಗಿನ ತೇವ ಆರುತ್ತದೆ. ಗಾಳಿಯೇ ಕಡಿಮೆಯಾಗಿದ್ದರೆ ಫಿಲ್ಟರ್ ಕಟ್ಟಿಕೊಂಡಿರಬಹುದು. ಬೂಸಾ, ಹಿಂಡಿ ಸಾಗಿಸುವ ಗಾಡಿಯಲ್ಲಿ ಅದು ಬೇಗ ಕಟ್ಟುತ್ತದೆ. ಫಿಲ್ಟರ್ ಇರುವ ಬಹಳಷ್ಟು ಕಾರುಗಳಲ್ಲಿ ಅದು ಮುಂದಿನ ಸೀಟಿನೆದುರಿನ ಸಾಮಾನಿನ ಗೂಡಿನ ಹಿಂದೆ ಇರುತ್ತದೆ. ಸರ್ವಿಸ್ ದಿನ ತೆಗೆಸಿ ತೋರಿಸಲು ಹೇಳಿ, ಒಮ್ಮೆ ನೋಡಿದರೆ ಮುಂದಿನ ಸಲ ನೀವೇ ತೆಗೆದು ಕೊಡವಬಹುದು.

ಇನ್ನೊಂದು ಮುಖ್ಯ ಮಾತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಎಸಿಯಲ್ಲಿ ಕೂರುವುದಾಗಲಿ ಮಲಗುವುದಾಗಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ. ಕೊಟ್ಟಿಗೆಗೆ ಅಂಟಿಕೊಂಡ ಶೆಡ್ಡಾದರೆ ಕಟ್ಟಿದ ದನಗಳಿಗೂ ಅದೇ ಗಾಳಿ. ಗಾಡಿಯನ್ನು ಹೊರಗೆ ತಂದ ಮೇಲೆ ಬೇಕಾದಷ್ಟು ಹೊತ್ತು ಓಡಿಸಿ.

ಬಿಸಿಲಿನ ಕಾರು, ಒಳಗಿನ ಮಗು

ಬಿಸಿಲಿನಲ್ಲಿ ನಿಂತ ಕಾರು ಹತ್ತು ನಿಮಿಷದಲ್ಲೇ ಹೊರಗಿನದಕ್ಕಿಂತ ಸುಮಾರು ಹತ್ತು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ, ಆಮೇಲೂ ಏರುತ್ತಲೇ ಇರುತ್ತದೆ. ಗಾಜು ಎರಡು ಬೆರಳು ಇಳಿಸಿಟ್ಟರೆ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಎಷ್ಟೋ ಬೇಗ ಕಾಯುತ್ತದೆ. "ಡೇರಿಗೆ ಹಾಲು ಹಾಕಿ ಈಗ ಬಂದೆ" ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಸರತಿ ಎಷ್ಟು ಹೊತ್ತಾಗುತ್ತದೋ ಹೇಳಲಾಗದು. ಆಟವಾಡುವ ಮಕ್ಕಳು ತಾವೇ ಒಳಹೊಕ್ಕು ಬಾಗಿಲು ಹಾಕಿಕೊಳ್ಳುವುದೂ ಉಂಟು, ಆದ್ದರಿಂದ ಮನೆಯಂಗಳದಲ್ಲೂ ಗಾಡಿಗೆ ಬೀಗ ಹಾಕಿ, ಕೀ ಎತ್ತಿಡಿ. ವ್ಯಾನಿನಲ್ಲಿ ಕರು ಸಾಗಿಸುವಾಗಲೂ ಬಿಸಿಲಿನಲ್ಲಿ ಗಾಡಿ ನಿಲ್ಲಿಸಬೇಡಿ.

ಬಿಸಿಲಿನಿಂದ ಬಂದು ಗಾಡಿ ಹತ್ತಿದಾಗ ಮೊದಲು ಗಾಜು ಇಳಿಸಿ ಒಂದೆರಡು ನಿಮಿಷ ಬಿಸಿ ಗಾಳಿ ಹೊರಹೋಗಲು ಬಿಡಿ, ಆಮೇಲೆ ಎಸಿ ಹಾಕಿ. ಸೀಟ್ ಬೆಲ್ಟ್ ಹಿಂದೆ ಕೂತವರಿಗೂ ಕಡ್ಡಾಯ, ಹಾಕದಿದ್ದರೆ ಸಾವಿರ ರೂಪಾಯಿ ದಂಡ. ದಂಡಕ್ಕಿಂತ ಮಿಗಿಲಾಗಿ, ಬ್ರೇಕ್ ಹಾಕಿದಾಗ ಹಿಂದಿನ ಹಾಲಿನ ಕ್ಯಾನು ಹೇಗೆ ಮುಂದಕ್ಕೆ ನುಗ್ಗುತ್ತದೋ ಬೆಲ್ಟಿಲ್ಲದವರೂ ಹಾಗೆಯೇ ನುಗ್ಗುತ್ತಾರೆ. ಕ್ಯಾನನ್ನೂ ಹಗ್ಗದಿಂದ ಕಟ್ಟಿ.

ಹಾಲು ಚೆಲ್ಲಿದಾಗ

ಕಾರಿನೊಳಗೆ ಚೆಲ್ಲಿದ ಹಾಲನ್ನು ಮೊದಲು ಬಟ್ಟೆಯಿಂದ ಹೀರಿಸಿ, ನಂತರ ತಣ್ಣೀರಿನಲ್ಲಿ ಒರೆಸಿ. ಕ್ಯಾನಿಗೆ ಮೊದಲೇ ಕುದಿನೀರು ಹಾಕಿದರೆ ಹಾಲಿನಂಶ ಅಂಟಿಕೊಳ್ಳುವುದು ನಿಮಗೆ ಗೊತ್ತಿದೆ. ಮ್ಯಾಟಿನ ಮೇಲೂ ಅದೇ ಆಗುತ್ತದೆ. ಆಮೇಲೆ ಅಡುಗೆ ಸೋಡಾ ಉದುರಿಸಿ, ಒಂದು ರಾತ್ರಿ ಬಿಟ್ಟು ಕೊಡವಿ, ಬಾಗಿಲು ತೆರೆದು ಒಣಗಿಸಿ. ಡೀಸೆಲ್ ಕ್ಯಾನು, ಕೀಟನಾಶಕಗಳನ್ನು ಹಾಲಿನ ಜೊತೆ ಇಡಬೇಡಿ, ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಹಿಂಡಿ ಮೂಟೆ ಇಳಿಸಿದ ದಿನವೇ ಗಾಡಿ ಗುಡಿಸಿ. ಉದುರಿದ ಕಾಳಿಗೆ ಇಲಿ ಬರುತ್ತದೆ, ಬಂದ ಇಲಿ ಬಾನೆಟ್ಟಿನೊಳಗೆ ವೈರು ಕಡಿಯುತ್ತದೆ.

ಗಾಡಿಯ ಕಸ ದನಕ್ಕೆ ವಿಷ

ಈಗ ಪಶುವೈದ್ಯರಾಗಿ ಹೇಳಬೇಕಾದ ಮಾತು.

ಹಳೆಯ ಬ್ಯಾಟರಿ: ಒಳಗೆ ಸೀಸವಿದೆ. ದನಗಳು, ಅದರಲ್ಲೂ ಕರುಗಳು, ಅದನ್ನು ಆಸೆಯಿಂದ ನೆಕ್ಕುತ್ತವೆ. ಹೊಸ ಬ್ಯಾಟರಿ ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟುಬಿಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಯುಪಿಎಸ್, ಟ್ರ್ಯಾಕ್ಟರ್ ಬ್ಯಾಟರಿಗಳಿಗೂ ಇದೇ ಮಾತು. ಒಡೆದ ಬ್ಯಾಟರಿ ಬಿದ್ದಿದ್ದ ಜಾಗದ ಮಣ್ಣನ್ನೂ ಕೆರೆದು ದನ ತಲುಪದ ಕಡೆ ಹಾಕಿ.

ಹಳೆಯ ಎಂಜಿನ್ ಆಯಿಲ್: ಉಣ್ಣೆ, ಕಜ್ಜಿಗೆಂದು ಎಮ್ಮೆ, ಹಸುವಿನ ಮೈಗೆ ಬಳಿಯುವ ರೂಢಿ ಇನ್ನೂ ಇದೆ. ದಯವಿಟ್ಟು ಬಿಡಿ. ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಉಣ್ಣೆಗೆ ಔಷಧಿ ನಮ್ಮಲ್ಲಿದೆ. ಹಳೆಯ ಎಣ್ಣೆ ಗ್ಯಾರೇಜಿನಲ್ಲೇ ಉಳಿಯಲಿ.

ಕೂಲೆಂಟ್: ಬಹುಪಾಲು ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಮೂತ್ರಪಿಂಡಕ್ಕೆ ವಿಷ. ನಾಯಿ, ಬೆಕ್ಕಿಗೆ ಸ್ವಲ್ಪವೇ ಸಾಕು, ಎಳೆಗರುಗಳಿಗೂ ಅಪಾಯ. ಚೆಲ್ಲಿದರೆ ಮಣ್ಣು ಹಾಕಿ ಹೀರಿಸಿ, ಆ ಮಣ್ಣು ಎತ್ತಿಬಿಡಿ.

ಹಸು ಅಥವಾ ಕರು ಇದ್ದಕ್ಕಿದ್ದಂತೆ ಕುರುಡಾದರೆ, ಗೋಡೆಗೆ ತಲೆ ಒತ್ತಿದರೆ, ಹಲ್ಲು ಕಡಿದರೆ, ತೂರಾಡಿದರೆ ತಕ್ಷಣ ಕರೆ ಮಾಡಿ. ಬಾಯೊಳಗೆ ಕೈ ಹಾಕಬೇಡಿ, ನಾಟಿ ಔಷಧಿ ಕುಡಿಸಲು ಹೋಗಬೇಡಿ. ಇವೇ ಲಕ್ಷಣಗಳು ಹುಚ್ಚುನಾಯಿ ರೋಗದಲ್ಲೂ ಕಾಣಬಹುದು. ನೆಕ್ಕಿದ್ದೇನು ಎಂದು ಹುಡುಕಿ, ಉಳಿದ ದನಗಳನ್ನು ಅಲ್ಲಿಂದ ದೂರ ಕಟ್ಟಿ. ಸೀಸ ಹಾಲಿನಲ್ಲೂ ಬರುತ್ತದೆ. ಆದ್ದರಿಂದ ಅದೇ ಜಾಗದಲ್ಲಿದ್ದ ಹಸುಗಳ ಹಾಲನ್ನು ನಾವು ಹೇಳುವವರೆಗೆ ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ.

ಆ ಅಕ್ಕನ ಮನೆಗೆ ಮೊನ್ನೆ ಲಸಿಕೆ ಹಾಕಲು ಹೋಗಿದ್ದೆ. ಕಾರನ್ನು ಈಗ ಕೊಟ್ಟಿಗೆಯಿಂದ ದೂರ, ಬೇಲಿಯಾಚೆ ನಿಲ್ಲಿಸುತ್ತಾರೆ. ನಾನು ಹೊರಡುವಾಗ ಅವರು ಆಯಿಲ್ ಕಡ್ಡಿಯನ್ನು ಹಳೆ ಬಟ್ಟೆಯಲ್ಲಿ ಒರೆಸುತ್ತಿದ್ದರು. "ಎರಡು ಗೆರೆ ಮಧ್ಯ ಐತೆ ಡಾಕ್ಟ್ರೇ, ಸರಿ ತಾನೇ?" ಎಂದು ಕೇಳಿದರು. ಸರಿಯಾಗಿತ್ತು.

ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ನೀವೂ ಒಮ್ಮೆ ಶೆಡ್ಡಿನ ಮೂಲೆ ನೋಡಿ. ಹಳೆಯ ಬ್ಯಾಟರಿ ಇದ್ದರೆ ಅಂದೇ ಸಾಗಿಸಿ.